ಮೀನಿಗಿಂತ ಮುಂಚೆ ಕಿಟ್ಟು ತಗೊಳ್ಳಿ

ಅಕ್ಕಂದಿರೇ, ನನ್ನ ಮಗ ಉಪ್ಪುನೀರಿನ ಮೀನು ಸಾಕ್ತೀನಿ ಅಂತ ಕೂತವ್ನೆ. ನಂಜನಗೂಡಲ್ಲಿ ಕಪಿಲೆ ಅವ್ಳೆ, ತಿರುಮಕೂಡಲಲ್ಲಿ ಸಂಗಮವೇ ಇದೆ, ಸಮುದ್ರ ಎಲ್ಲೈತೆ? ಆರ್‌ಒ ನೀರಿಗೆ ಮರೈನ್ ಸಾಲ್ಟ್ ಮಿಕ್ಸ್ ಕದಡಿ ನಾವೇ ಮಾಡ್ಬೇಕು. ಮೀನಿಗೆ ಸಾವಿರಗಟ್ಲೆ ಸುರಿಯಕ್ಕೆ ರೆಡಿ, ಪರೀಕ್ಷೆ ಕಿಟ್ಟು ಅಂದ್ರೆ ಮಾತ್ರ 'ಟಿಡಿಎಸ್ ಪೆನ್ನು ಸಾಕು ಬುಡಮ್ಮ' ಅಂತಾನೆ.

ಸಾಕಾಗಲ್ಲ ಕಣ್ರೀ! ಆ ಪೆನ್ನು ಅಮೋನಿಯಾ ತೋರ್ಸಲ್ಲ. ನೀರು ತಿಳಿಯಾಗೇ ಇರ್ತದೆ, ಮೀನು ಸಾಯ್ತದೆ. ಉಪ್ಪುನೀರಿಗೂ ಆಯ್ತದೆ ಅಂತ ಬರೆದಿರೋ, ಹನಿ ಹಾಕಿ ಬಣ್ಣ ನೋಡೋ ಕಿಟ್ಟೇ ತಗೊಳ್ಳಿ: ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್. ಉಪ್ಪಿನಂಶ ನೋಡಕ್ಕೆ ರಿಫ್ರಾಕ್ಟೋಮೀಟರ್; 1.025ರ ಹತ್ರ ಇರ್ಲಿ. ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ 0ಕ್ಕೆ ಇಳಿಯೋಗಂಟ, ತಿಂಗಳು ಮೀರಿದ್ರೂ ಸರಿ, ಮೀನು ಬೇಡ.

ಉಪ್ಪು ನೋಡ್ದೆ ಸಾರು ಬಡಿಸ್ತೀವಾ? ಮೀನೂ ಜೀವ ತಾನೆ.