ದಂಡಿನ ಮನೋವೈದ್ಯವೃತ್ತಿಯೂ ನಮ್ಮ ಹೆಣ್ಣುಮಕ್ಕಳೂ

ಮಗಳು ದಾದಿಯಾಗುವೆನೆಂದರೆ ಕೂಡ್ಲಿಗಿ ಸೀಮೆಯ ತಾಯ್ತಂದೆಗಳು ಈಗ ಒಪ್ಪುತ್ತಾರೆ, ವೈದ್ಯಳಾಗುವೆನೆಂದರೆ ಹಿಗ್ಗುತ್ತಾರೆ. ದಂಡಿಗೆ ಸೇರಿ ಸಿಪಾಯಿಗಳ ಮನೋವ್ಯಾಧಿಗೆ ಚಿಕಿತ್ಸೆಮಾಡುವೆನೆಂದರೆ ಮಾತ್ರ ಮನೆಯಲ್ಲಿ ಮೌನವುಂಟಾಗುವದು. ದಂಡೆಂದರೆ ಭಯ, ಹುಚ್ಚೆಂದರೆ ನಾಚಿಕೆ. ವರಾನ್ವೇಷಣೆಯ ಚಿಂತೆ ಬೇರೆ.

ನಾಚಿಕೆಯ ಮಾತನ್ನೇ ಮೊದಲು ವಿಚಾರಿಸೋಣ. ಮನೋವ್ಯಾಧಿಯ ಚಿಕಿತ್ಸೆಯು ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿಯೇ ಆಗತಕ್ಕದ್ದೆಂಬ ಭಾವನೆಯನ್ನು ಮುರಿದವರಲ್ಲಿ ನಮ್ಮ ಸೀಮೆಯವರೂ ಸೇರಿರುವರು. ಕೂಡ್ಲಿಗಿಯು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯನ್ನಿತ್ತು, ಹಳ್ಳಿಯಲ್ಲಿಯೇ ಇಂಥ ರೋಗಿಗಳನ್ನು ಗುರುತಿಸಿ ಔಷಧಕೊಡುವ ಏರ್ಪಾಡನ್ನು ಮಾಡಿದರು. 1996ರಲ್ಲಿ ದೇಶಕ್ಕೆಲ್ಲ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ದೇಶಕ್ಕೆ ಮಾದರಿಯಿತ್ತ ಸೀಮೆಯವರು ತಮ್ಮ ಮಗಳಿಗೆ ಈ ವಿದ್ಯೆ ಬೇಡವೆನ್ನುವದು ಸೋಜಿಗವಲ್ಲವೇ?

ಸಿಪಾಯಿಯ ಮನಸ್ಸಿನ ನೋವು ಹೊಸದಲ್ಲ. ಸೌಲ ಅರಸನ ಕಳವಳವನ್ನು ದಾವೀದನು ಕಿನ್ನರಿ ಬಾರಿಸಿ ಶಮನಗೊಳಿಸಿದ ಕಥೆಯನ್ನು ಈ ಶಾಲೆಯ ಮಕ್ಕಳೆಲ್ಲ ಬಲ್ಲರು. ಮೊದಲನೆಯ ಮಹಾಯುದ್ಧದಲ್ಲಿ, ಮೈಮೇಲೆ ಗಾಯವಿಲ್ಲದೆ ನಡುಗುತ್ತಿದ್ದ, ಮಾತುನಿಂತ ಸೈನಿಕರನ್ನು ಹೇಡಿಗಳೆಂದು ಜರೆದವರುಂಟು. 1915ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಮೈಯರ್ಸ್ ಎಂಬವರು ‘ಷೆಲ್ ಶಾಕ್’ ಎಂಬ ಹೆಸರಿನಿಂದ ಅಂಥ ರೋಗಿಗಳ ವಿಷಯವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ವೃತ್ತಿಯ ನಿಜವಾದ ಕಷ್ಟವು ಬೇರೆಡೆ ಇರುವದು. ನಮ್ಮ ಸೇನೆಯಲ್ಲಿ ದೇಹಸ್ಥಿತಿಯನ್ನು ಅಳೆಯುವ ‘ಷೇಪ್’ ಎಂಬ ಐದಕ್ಷರದ ಕ್ರಮದಲ್ಲಿ ಮೊದಲನೆಯ ಅಕ್ಷರವೇ ಮನಸ್ಸಿಗೆ ಸಂಬಂಧಿಸಿದ್ದು. ಆ ದರ್ಜೆ ಇಳಿದರೆ ಬಡ್ತಿಗೆ ಅಡ್ಡಿಯಾದೀತೆಂದು ಸಿಪಾಯಿಯು ತನ್ನ ನಿದ್ರಾಹೀನತೆಯನ್ನು ಬಚ್ಚಿಡುತ್ತಾನೆ. ಆತನ ಕೈಯಲ್ಲಿ ಬಂದೂಕವಿರುವದರಿಂದ ಮನೋವೈದ್ಯಳು ಎಲ್ಲವನ್ನೂ ಗುಟ್ಟಾಗಿಡಲಾರಳು. ಎಲ್ಲವನ್ನೂ ಮೇಲಧಿಕಾರಿಗೆ ಹೇಳಿದರೋ, ಮರುದಿನ ಯಾರೂ ಅವಳ ಬಳಿಗೆ ಬಾರರು. ಈ ಇಕ್ಕಟ್ಟಿನಲ್ಲಿ ನಿಂತು ನ್ಯಾಯವನ್ನು ತೂಗಬಲ್ಲ ಹುಡುಗಿಯನ್ನೇ ಕಳುಹಿಸಬೇಕು. ಬರಿಯ ಮರುಕ ಸಾಲದು. ಸೈನಿಕರಿಗಾಗಿ 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಟೆಲಿ ಮಾನಸ್ ದೂರವಾಣಿಯ ಪ್ರತ್ಯೇಕ ಶಾಖೆಯನ್ನು ತೆರೆದದ್ದು ಒಳ್ಳೆಯದೇ; ಆದರೆ ತಂತಿಯ ಆಚೆಯಲ್ಲಿ ಕೇಳುವ ಕಿವಿ ಬೇಕಷ್ಟೆ.

ದಂಡಿನ ಭಯದ ವಿಷಯ. ಸೇನಾ ಶುಶ್ರೂಷಾ ಸೇವೆಗೆ ಸೇರುವ ಹೆಣ್ಣುಮಗಳು ಲೆಫ್ಟಿನೆಂಟ್ ಪದವಿಯ ಅಧಿಕಾರಿಣಿಯೇ ಆಗುವಳು. ಪುಣೆಯ ಕಾಲೇಜಿನಲ್ಲಿ ವೈದ್ಯವಿದ್ಯೆಯನ್ನಾಗಲಿ, ಸೇನೆಯ ಕಾಲೇಜುಗಳಲ್ಲಿ ಶುಶ್ರೂಷಾವಿದ್ಯೆಯನ್ನಾಗಲಿ ಕಲಿಯುವವರ ಶಿಕ್ಷಣದ ವೆಚ್ಚವನ್ನು ಸರಕಾರವೇ ವಹಿಸಿ, ಬದಲಿಗೆ ಕೆಲವು ವರ್ಷಗಳ ಸೇವೆಯ ಕರಾರನ್ನು ಬರೆಯಿಸಿಕೊಳ್ಳುವದು. ಬಡತನದ ಮನೆಯವರು ಇದನ್ನು ಗಮನಿಸತಕ್ಕದ್ದು. ಮನೋವೈದ್ಯಶಾಸ್ತ್ರದ ವಿಶೇಷಾಭ್ಯಾಸವು ಅನಂತರದ್ದು. ವರ್ಗಾವಣೆಗಳು ಬಹಳ, ಅದನ್ನು ಮುಚ್ಚಿಡಲಾಗದು. ಇನ್ನು ವರನ ಮಾತು: ಹೆಂಡತಿಯ ಇಂಥ ಕೆಲಸಕ್ಕೆ ನಾಚುವವನು ತಪ್ಪಿಹೋದರೆ ನಷ್ಟವೇನು?

ಇದನ್ನೆಲ್ಲ ಪಿ.ಯು.ಸಿ.ಯ ಪಾಠಗಳನ್ನು ಆರಿಸುವ ಮೊದಲೇ ಮಗಳೊಡನೆ ಮಾತನಾಡಿರಿ. ಎರಡು ದಾರಿಗಳಿಗೂ ನೀಟ್ ಪರೀಕ್ಷೆಯುಂಟು. ಜೀವಶಾಸ್ತ್ರವನ್ನು ಬಿಟ್ಟವಳಿಗೆ ಆ ಬಾಗಿಲು ತೆರೆಯದು.