ಹತ್ತು ಗಂಟೆಗೆ ದೀಪ ಆರಿಸಿದ್ದು ತಪ್ಪೇ?

ಕಳೆದ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆದಷ್ಟು ದಿನವೂ ನಮ್ಮ ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಹತ್ತು ಗಂಟೆಗೆ ದೀಪಗಳನ್ನು ಆರಿಸಬೇಕೆಂದು ನಾವು ಅಪ್ಪಣೆ ಮಾಡಿದ್ದೆವು. ಅದಕ್ಕಾಗಿ ಬಂದ ಆಕ್ಷೇಪಣೆಗಳು ಸ್ವಲ್ಪವಲ್ಲ. ಮಕ್ಕಳ ಭವಿಷ್ಯಕ್ಕೇ ಕತ್ತಲೆ ಕವಿಸಿದಿರೆಂದು ಬರೆದವರೂ ಉಂಟು. ಹೀಗೆ ಬರೆದವರಲ್ಲಿ ಹೆಚ್ಚಿನವರು ಇದೇ ನಿಲಯದ ಪ್ರಸಾದ ಸ್ವೀಕರಿಸಿ, ಇದೇ ಮೊಗಸಾಲೆಯಲ್ಲಿ ಓದಿ ದೊಡ್ಡವರಾದ ಹಳೆಯ ವಿದ್ಯಾರ್ಥಿಗಳು. ಆದುದರಿಂದ ಅವರ ಮಾತನ್ನು ತಳ್ಳಿಹಾಕದೆ ಉತ್ತರಿಸುವುದು ನಮ್ಮ ಕರ್ತವ್ಯವಾಗಿದೆ.

ಅವರ ವಾದವಿಷ್ಟು: ಹಿಂದಿನ ರಾತ್ರಿ ಓದಿದ್ದು ಮರುದಿನ ಬೆಳಿಗ್ಗೆ ಹಸಿಯಾಗಿ ನೆನಪಿನಲ್ಲಿರುತ್ತದೆ, ನಾವೆಲ್ಲ ಹಾಗೆಯೇ ಓದಿ ತೇರ್ಗಡೆಯಾದೆವು, ಮಕ್ಕಳಿಗೇಕೆ ಅಡ್ಡಿ?

ವಾದದ ಮೊದಲ ಭಾಗ ಸತ್ಯವೇ ಆಗಿದೆ. ಕೊನೆಯ ಗಳಿಗೆಯ ಓದಿನಿಂದ ಅಂಕಗಳು ಬರುವುದೇ ಇಲ್ಲವೆಂದು ಉಪದೇಶಿಸುವವರು ಮಕ್ಕಳೆದುರು ಸುಳ್ಳು ಹೇಳುತ್ತಾರೆ, ಮಕ್ಕಳಿಗೆ ಅದು ಗೊತ್ತೂ ಆಗುತ್ತದೆ. ಅಂಕಗಳು ಬರುತ್ತವೆ. ನಮ್ಮ ತಕರಾರು ಇರುವುದು ಅಲ್ಲಿಯೇ. ಬಾರದಿದ್ದರೆ ಈ ಚಟ ಎಂದೋ ಬಿಟ್ಟುಹೋಗುತ್ತಿತ್ತು.

ನಮ್ಮದೇ ಕಥೆಯನ್ನು ಹೇಳಿಬಿಡುತ್ತೇವೆ. ಎಂ.ಎ. ಪರೀಕ್ಷೆಯಲ್ಲಿ ಪಾಶ್ಚಾತ್ಯ ತರ್ಕಶಾಸ್ತ್ರದ ಪತ್ರಿಕೆಯೊಂದಿತ್ತು. ವರ್ಷವೆಲ್ಲ ಅದನ್ನು ಅಲಕ್ಷಿಸಿ, ಸಹಪಾಠಿಯೊಬ್ಬರ ಟಿಪ್ಪಣಿಗಳನ್ನು ಎರಡು ರಾತ್ರಿ ನಿದ್ದೆಗೆಟ್ಟು ಉರುಹೊಡೆದೆವು. ಉಳಿದ ಪತ್ರಿಕೆಗಳಿಗಿಂತ ಅದರಲ್ಲೇ ಹೆಚ್ಚು ಅಂಕ! ರಜೆಯಲ್ಲಿ ಮಠಕ್ಕೆ ಮರಳಿದಾಗ ಕಿರಿಯ ಸಾಧಕನೊಬ್ಬ ನಿಗಮನಕ್ಕೂ ಅನುಗಮನಕ್ಕೂ ಇರುವ ಭೇದವೇನೆಂದು ಕೇಳಿದ. ಎರಡು ವಾಕ್ಯ ಹೇಳಿದೆವು, ಮೂರನೆಯದು ಬರಲಿಲ್ಲ. ಆ ಹುಡುಗ ವಿನಯದಿಂದ ತಲೆತಗ್ಗಿಸಿದ. ತಗ್ಗಬೇಕಾಗಿದ್ದುದು ನಮ್ಮ ತಲೆ. ಹನ್ನೊಂದನೆಯ ವಯಸ್ಸಿನಲ್ಲಿ ಪಾಠಶಾಲೆಯಲ್ಲಿ ಕಲಿತ ಅಮರಕೋಶವಾದರೋ ಇಂದಿಗೂ ನಡೆದಾಡುವಾಗ ತಾನಾಗಿ ನಾಲಗೆಗೆ ಬರುತ್ತದೆ. ಬುದ್ಧಿ ಒಂದೇ, ಕಲಿತ ಬಗೆ ಮಾತ್ರ ಬೇರೆ. ಪಾಠಶಾಲೆಯಲ್ಲಿ ದಿನಕ್ಕೆ ನಾಲ್ಕಾರು ಶ್ಲೋಕಗಳಿಗಿಂತ ಹೆಚ್ಚು ಹೇಳಿಕೊಡುತ್ತಿರಲಿಲ್ಲ. ನಿನ್ನೆಯದನ್ನು ಒಪ್ಪಿಸದೆ ಇಂದಿನದು ಸಿಗುತ್ತಿರಲಿಲ್ಲ.

ಎಲ್ಲವೂ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತೆಂದು ಎದೆತಟ್ಟಿಕೊಳ್ಳುವ ಚಪಲ ನಮಗಿಲ್ಲ. ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸಿದ ದೋಷ ನಮ್ಮ ಪಾಠಶಾಲೆಗಳಲ್ಲಿಯೂ ಇತ್ತು. ಆದರೆ ಪಾಠವನ್ನು ಹಂಚಿ ಕಲಿಸುವ ಕ್ರಮ ಸರಿಯೆಂಬುದನ್ನು ಪ್ರಯೋಗಗಳೂ ತೋರಿಸಿವೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆಂದು ಅಳೆದು 1885ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಒಂದೇ ಸಲಕ್ಕೆ ಕುಳಿತು 68 ಬಾರಿ ಆವರ್ತಿಸಿದ್ದು ಕೊಟ್ಟಷ್ಟೇ ಫಲವನ್ನು, ಮೂರು ದಿನಗಳಿಗೆ ಹಂಚಿ 38 ಬಾರಿ ಆವರ್ತಿಸಿದ್ದೂ ಅವನಿಗೆ ಕೊಟ್ಟಿತು. ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಶ್ರಮ! ಸೋಮಾರಿಯಾದವನೂ ಈ ಲೆಕ್ಕವನ್ನು ಮೆಚ್ಚಬೇಕು.

ಇನ್ನೊಂದು ಪ್ರಯೋಗ ನಮ್ಮ ವಾದಕ್ಕೆ ಇನ್ನೂ ಹತ್ತಿರದ್ದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು 2006ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಗದ್ಯಭಾಗವೊಂದನ್ನು ಕೊಟ್ಟು, ಕೆಲವರಿಂದ ಅದನ್ನೇ ಮತ್ತೆ ಓದಿಸಿದರು. ಕೆಲವರಿಂದ ಪುಸ್ತಕ ಮುಚ್ಚಿ ನೆನಪಾದುದನ್ನು ಬರೆಸಿದರು. ಐದು ನಿಮಿಷಗಳ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು: ಅವರು ಶೇಕಡ 81ರಷ್ಟು ಹೇಳಿದರೆ, ಬರೆದವರು 75. ಒಂದು ವಾರ ಕಳೆದ ಮೇಲೆ ಓದಿದವರಲ್ಲಿ ಉಳಿದದ್ದು 42; ಬರೆದವರಲ್ಲಿ 56. ನಮ್ಮನ್ನು ಆಕ್ಷೇಪಿಸಿದ ಬಂಧುಗಳು ಈ ಐದು ನಿಮಿಷದ ಗೆಲುವನ್ನು ನೋಡಿ ಹಿಗ್ಗುತ್ತಿದ್ದಾರೆ. ವಾರದ ಲೆಕ್ಕವನ್ನು ಕೇಳುವವರಾರು?

ಇನ್ನು ನಿದ್ರೆಯ ಮಾತು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಇಬ್ಬರು ವಿದ್ಯಾರ್ಥಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಕಲಿತ ಮೇಲೆ ಮಲಗಿದಾಗ ಮರೆತದ್ದಕ್ಕಿಂತ ಎಚ್ಚರವಿದ್ದಾಗ ಮರೆತದ್ದೇ ಹೆಚ್ಚೆಂದು ಕಂಡುಬಂತು. ರಾತ್ರಿಯೆಲ್ಲ ಎಚ್ಚರವಿರುವ ಹುಡುಗ ಒಂದು ಕೈಯಿಂದ ತುಂಬಿ ಇನ್ನೊಂದು ಕೈಯಿಂದ ಚೆಲ್ಲುತ್ತಾನೆ. ಗಣಿತದ ದಿನ ಲೆಕ್ಕ ಬಲ್ಲ ಹುಡುಗನೇ ಕೂಡುವುದರಲ್ಲಿ ತಪ್ಪುವುದನ್ನು ನಮ್ಮ ಅಧ್ಯಾಪಕರು ಪ್ರತಿವರ್ಷವೂ ಕಾಣುತ್ತಾರೆ.

ಒಂದು ವಿನಾಯಿತಿಯನ್ನು ನಾವು ಒಪ್ಪುತ್ತೇವೆ. ಸುಗ್ಗಿಯಲ್ಲಿ ತಂದೆಯೊಡನೆ ಹೊಲಕ್ಕಿಳಿದ ಮಗ, ತಾಯಿ ಹಾಸಿಗೆ ಹಿಡಿದಿದ್ದರಿಂದ ಒಲೆಯ ಮುಂದೆ ಕುಳಿತ ಮಗಳು, ಇವರಿಗೆ ಕೊನೆಯ ಹದಿನೈದು ದಿನಗಳೇ ಇಡೀ ವರ್ಷ. ಅವರು ಓದಲಿ, ಎಷ್ಟಾದರೂ ಓದಲಿ. ಅವರನ್ನು ಹಂಗಿಸುವವರ ಮೇಲೆಯೇ ನಮಗೆ ಸಿಟ್ಟು. ಆಯ್ದ ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಡುವ ‘ಪಾಸಿಂಗ್ ಪ್ಯಾಕೇಜ್’ ಅಂಥವರಿಗೆ ಊರುಗೋಲಾದರೆ ಬೇಡವೆನ್ನಲಾರೆವು. ಆದರೆ ಕಾಲು ಗಟ್ಟಿಯಿದ್ದ ಮಕ್ಕಳ ಕೈಗೂ ಅದೇ ಕೋಲನ್ನು ಕೊಡುತ್ತಿರುವುದೇಕೆ? ವರ್ಷಕ್ಕೆ ಒಂದೇ ಪರೀಕ್ಷೆಯ ಭಯದಿಂದ ಹೀಗಾಗುತ್ತದೆಂಬ ಮಾತಿತ್ತು. 2024ರಲ್ಲಿ ಸರ್ಕಾರವು ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳಿಗೆ ಅವಕಾಶ ಕಲ್ಪಿಸಿತು. ಒಂದು ಕೊನೆಯ ರಾತ್ರಿಯಿದ್ದಲ್ಲಿ ಮೂರು ಕೊನೆಯ ರಾತ್ರಿಗಳಾದವು, ಅಷ್ಟೇ.

ಇಷ್ಟಕ್ಕೂ ದೋಷ ಮಕ್ಕಳದಲ್ಲ. ಆಷಾಢ ಶ್ರಾವಣಗಳಲ್ಲಿ ಮಗನ ಪುಸ್ತಕವನ್ನು ಒಮ್ಮೆಯೂ ತೆರೆದು ನೋಡದ ತಂದೆ, ಶಿವರಾತ್ರಿ ಕಳೆಯುತ್ತಲೇ ಗೈಡುಗಳ ಕಟ್ಟು ಹೊತ್ತು ತರುತ್ತಾರೆ. ಮಠಕ್ಕೆ ಬಂದು ವಿಭೂತಿ ಬೇಡುತ್ತಾರೆ, ಲೇಖನಿಗೆ ಆಶೀರ್ವಾದ ಬೇಡುತ್ತಾರೆ. ಆಶೀರ್ವದಿಸುತ್ತೇವೆ, ಅದು ನಮ್ಮ ಧರ್ಮ. ಆದರೆ ಹತ್ತು ತಿಂಗಳ ಓದಿಗೆ ಬದಲಾಗಿ ವಿಭೂತಿಯನ್ನು ಕೊಡುವ ಅಧಿಕಾರ ನಮಗಿಲ್ಲ. ಮಠಗಳ ಶಾಲೆಗಳೂ ನಿರ್ದೋಷಿಗಳಲ್ಲ. ಫಲಿತಾಂಶದ ಫಲಕವನ್ನು ಮಹಾದ್ವಾರದಲ್ಲಿ ತೂಗುಹಾಕುವ ಆಸೆಯಿಂದ ಫೆಬ್ರವರಿಯಲ್ಲಿ ರಾತ್ರಿಪಾಠಗಳನ್ನು ಆರಂಭಿಸಿದವರಲ್ಲಿ ನಾವೂ ಒಬ್ಬರು. ಆರು ವರ್ಷ ಅದನ್ನು ನಡೆಸಿದೆವು.

ಈಗ ನಿಲ್ಲಿಸಿದ್ದೇವೆ. ಬರುವ ವರ್ಷವೂ ದೀಪ ಹತ್ತು ಗಂಟೆಗೇ ಆರುತ್ತದೆ. ಅದರ ಬದಲಾಗಿ ಶಾಲೆ ತೆರೆದ ವಾರದಿಂದಲೇ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ನಂತರ ಅರ್ಧ ಗಂಟೆ ಪುಸ್ತಕ ಮುಚ್ಚಿಸಿ, ಹಿಂದಿನ ದಿನದ್ದು ಮತ್ತು ಹಿಂದಿನ ವಾರದ್ದು ಕೇಳುವ ಏರ್ಪಾಡಾಗಿದೆ. ಹತ್ತು ಹುಡುಗರಿಗೆ ಒಬ್ಬರಂತೆ ಕೇಳುವವರು ಬೇಕು. ನಮ್ಮಲ್ಲಿ ಅಷ್ಟು ಅಧ್ಯಾಪಕರಿಲ್ಲ. ಆಕ್ಷೇಪಣಾ ಪತ್ರ ಬರೆದ ಹಳೆಯ ವಿದ್ಯಾರ್ಥಿಗಳಲ್ಲಿ ಊರಿನಲ್ಲಿಯೇ ಇರುವವರು ವಾರಕ್ಕೆ ಒಂದು ಬೆಳಿಗ್ಗೆಯನ್ನಾದರೂ ಕೊಡಬಹುದೇ? ಪ್ರಾರ್ಥನೆ ಆರು ಗಂಟೆಗೆ. ಪ್ರಸಾದ ಇಲ್ಲಿಯೇ ಆಗುತ್ತದೆ.