ಗುಣವಾಚಕಕ್ಕೆ ಲಿಂಗದ ಹೊರೆ ಬೇಕೆ?

‘ಖ್ಯಾತ ಲೇಖಕಿ’ ಎಂಬುದು ತಪ್ಪು, ‘ಖ್ಯಾತೆ’ ಎಂದೇ ಬರೆಯಬೇಕು ಎಂದು ವಾದಿಸುವ ಪಂಡಿತರು ಆಗಾಗ್ಗೆ ಎದುರಾಗುತ್ತಾರೆ. ಸಂಸ್ಕೃತದ ನಿಯಮದಂತೆ ಅವರ ಮಾತು ಸರಿ. ಅಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸಲೇಬೇಕು: ಸುಂದರಃ ಬಾಲಕಃ, ಸುಂದರೀ ಬಾಲಿಕಾ, ಸುಂದರಂ ಫಲಮ್. ಆದರೆ ಕನ್ನಡ ವಾಕ್ಯವನ್ನು ಆಳಬೇಕಾದ ನಿಯಮ ಇದಲ್ಲವೆಂಬುದು ನನ್ನ ಅಭಿಪ್ರಾಯ.

ಸಂಸ್ಕೃತದ ದೂರದ ಸೋದರಿಯಾದ ಲ್ಯಾಟಿನ್ನಿನಲ್ಲಿಯೂ ಇದೇ ಕಟ್ಟಳೆಯುಂಟು. ಒಳ್ಳೆಯ ಹುಡುಗ ‘ಬೊನುಸ್ ಪುಎರ್’, ಒಳ್ಳೆಯ ಹುಡುಗಿ ‘ಬೊನ ಪುಎಲ್ಲ’, ಒಳ್ಳೆಯ ಕೊಡುಗೆ ‘ಬೊನುಮ್ ದೋನುಮ್’. ಹುಡುಗಿಗೆ ಎನ್ನುವಾಗ ಎರಡೂ ಪದಗಳು ಬದಲಾಗಿ ‘ಬೊನೈ ಪುಎಲ್ಲೈ’ ಆಗುತ್ತವೆ. ಲಿಂಗ 3, ವಚನ 2, ವಿಭಕ್ತಿ 6. ಒಂದೇ ಗುಣವಾಚಕಕ್ಕೆ 36 ಸ್ಥಾನಗಳು! ಕೆಲವು ರೂಪಗಳು ಒಂದೇ ಆಗಿದ್ದರೂ ಹೊರೆ ಹಗುರವೇನಲ್ಲ. ರೈತನೆಂಬ ಅರ್ಥದ ‘ಅಗ್ರಿಕೊಲ’ ಸ್ತ್ರೀಲಿಂಗದ ಪದದಂತೆ ಕಂಡರೂ ಪುಲ್ಲಿಂಗ. ಆದ್ದರಿಂದ ‘ಬೊನುಸ್ ಅಗ್ರಿಕೊಲ’.

ಕನ್ನಡದಲ್ಲಾದರೋ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿಗೆ, ಒಳ್ಳೆಯ ಹಣ್ಣುಗಳಿಂದ. ‘ಒಳ್ಳೆಯ’ ಕದಲುವುದಿಲ್ಲ, ಪ್ರತ್ಯಯದ ಭಾರವನ್ನೆಲ್ಲ ನಾಮಪದವೇ ಹೊರುತ್ತದೆ. ದ್ರಾವಿಡ ಭಾಷೆಗಳ ಈ ಸ್ವಭಾವವನ್ನು ಕಾಲ್ಡ್‌ವೆಲ್ 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿಯೇ ಗುರುತಿಸಿದ್ದರು.

ಹಾಗೆಂದು ನಮ್ಮ ಗುಣವಾಚಕ ಬಡವಲ್ಲ. ನಾಮಪದವಿಲ್ಲದೆ ತಾನೇ ನಿಲ್ಲಬೇಕಾದಾಗ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಎಂದು ಲಿಂಗವನ್ನು ತಳೆದು, ಒಳ್ಳೆಯವನಿಗೆ, ಒಳ್ಳೆಯದರಿಂದ ಎಂದು ವಿಭಕ್ತಿಗಳನ್ನೂ ಧರಿಸುತ್ತದೆ. ಸಮಾಸದಲ್ಲಿ ಅದರ ಸೊಗಸೇ ಬೇರೆ. ಹಿರಿದು ಮರ ಹೆಮ್ಮರ, ಹಿರಿದು ದಾರಿ ಹೆದ್ದಾರಿ, ಕೆಂಪು ತಾವರೆ ಕೆಂದಾವರೆ. ದೂರವೇಕೆ? ನಮ್ಮೂರಿನ ಹೆಸರನ್ನೇ ಬಿಡಿಸಿದರೆ ನಲ್, ಊರು, ಒಳ್ಳೆಯ ಊರು! ನಮ್ಮ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿಯೂ ‘ಹಿರಿಯ’ ಎಂಬುದು ಅಡಗಿ ಕುಳಿತಿದೆ.

ಶ್ರೀಮತಿ, ವಿದುಷಿ ಮೊದಲಾದವು ನಾಮಪದಗಳಾಗಿ ನೆಲೆಗೊಂಡಿವೆ. ಅವು ಹಾಗೆಯೇ ಇರಲಿ. ಆದರೆ ಎರವಲು ಪದವು ಕನ್ನಡದ ಮನೆಗೆ ಬಂದ ಮೇಲೆ ಕನ್ನಡದ ರೀತಿಯಲ್ಲಿಯೇ ನಡೆಯಬೇಕು. ‘ಪ್ರಸಿದ್ಧ ಗಾಯಕಿ’ ಎಂದು ಬರೆದ ಮಗು ತಾಯಿಯ ನುಡಿಯಿಂದ ಕಲಿತ ನಿಯಮವನ್ನೇ ಪಾಲಿಸಿದೆ. ಅದಕ್ಕೆ ಕೆಂಪು ಶಾಯಿಯ ಗೀಟೆಳೆದರೆ, ತನ್ನ ಭಾಷೆಯೇ ಕುಂದುಳ್ಳದ್ದೆಂಬ ಅಳುಕು ಆ ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ. ಅದರ ಬದಲು ಮೂರು ಭಾಷೆಗಳ ಉದಾಹರಣೆಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು, ವ್ಯತ್ಯಾಸವನ್ನು ಮಕ್ಕಳೇ ಕಂಡುಕೊಳ್ಳುವಂತೆ ಮಾಡಬೇಕೆಂದು ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ.